ಹಳೇ ಲ್ಯಾಪ್‌ಟಾಪ್, ಹೊಸ ವಿಂಡೋಸ್: ಹೊಸದು ಕೊಳ್ಳುವ ಮೊದಲು ಇಷ್ಟು ನೋಡಿ

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಕೇಳುತ್ತಿದ್ದದ್ದು ಕನಿಷ್ಠ 64 ಎಂಬಿ ರ‍್ಯಾಮ್. 2021ರಲ್ಲಿ ಬಂದ ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ. ಲೆಕ್ಕ ಹಾಕಿದರೆ ಸರಿಯಾಗಿ 64 ಪಟ್ಟು. ಈ ಇಪ್ಪತ್ತು ವರ್ಷದಲ್ಲಿ ನಮ್ಮ ಕೆಲಸ 64 ಪಟ್ಟು ಹೆಚ್ಚಿತಾ? ಅದೇ ಅರ್ಜಿ ಟೈಪ್ ಮಾಡುವುದು, ಅದೇ ಲೆಕ್ಕದ ಹಾಳೆ, ಅದೇ ಬ್ಯಾಂಕಿನ ವೆಬ್‌ಸೈಟು. ಜಾಸ್ತಿ ಅಂದರೆ ಮಕ್ಕಳ ಆನ್‌ಲೈನ್ ಕ್ಲಾಸು, ರಾತ್ರಿ ಒಂದೆರಡು ವೀಡಿಯೊ.

ಹಾಗಾಗಿ ಹೊಸ ವಿಂಡೋಸ್ ಹಾಕಿದ ಮೇಲೆ ಕಂಪ್ಯೂಟರ್ ತೆವಳುತ್ತಿದೆ ಅಂತ ಸಿಟ್ಟು ಬಂದರೆ ಅದು ನಿಮ್ಮ ತಪ್ಪಲ್ಲ. ಈ ದೂರು ಹೊಸದೂ ಅಲ್ಲ. ಪ್ಯಾಸ್ಕಲ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಇದನ್ನು ಬರೆದಿದ್ದರು: ಯಂತ್ರಗಳು ವೇಗವಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಅಂತ. 2007ರಲ್ಲಿ ವಿಸ್ಟಾ ಬಂದಾಗ ಜನ ಎಕ್ಸ್‌ಪಿಗೆ ವಾಪಸ್ ಓಡಿದ್ದು ಅನೇಕರಿಗೆ ನೆನಪಿರಬಹುದು.

ಆದರೆ ಬೈದರೆ ವೇಗ ಹೆಚ್ಚುವುದಿಲ್ಲವಲ್ಲ. ಅಂಗಡಿಗೆ ಹೋದರೆ "ಸಾರ್, ಇದು ಹಳೇದಾಯ್ತು, ಹೊಸದು ತಗೊಳ್ಳಿ" ಅನ್ನುತ್ತಾರೆ. ಹಲವು ಸಲ ಅದು ಬೇಕಿರುವುದಿಲ್ಲ. ಏಳೆಂಟು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಇನ್ನೂ ಗಟ್ಟಿಯಾಗಿರುತ್ತದೆ. ಸಿಕ್ಕಿಹಾಕಿಕೊಂಡಿರುವುದು ಬೇರೆ ಕಡೆ, ಸಾಮಾನ್ಯವಾಗಿ ತಿರುಗುವ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಖಚಿತ ಮಾಡಿಕೊಂಡು ಆಮೇಲೆ ದುಡ್ಡು ಬಿಚ್ಚಿ.

ಶುರು ಮಾಡುವ ಮೊದಲು ಒಂದೇ ಮಾತು. ಫೋಟೊ, ದಾಖಲೆ ಎಲ್ಲವನ್ನೂ ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿಡಿ. ಕೆಳಗಿನ ಅರ್ಧದಷ್ಟು ಕೆಲಸಕ್ಕೆ ಇದು ಬೇಡ. ಉಳಿದರ್ಧಕ್ಕೆ ಬೇಕೇ ಬೇಕು.

ಮೊದಲು ಅಳತೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಚಿಕ್ಕ ಕಿಟಕಿ ಬಂದರೆ ಕೆಳಗಿನ 'ಮೋರ್ ಡೀಟೇಲ್ಸ್' ಒತ್ತಿ, 'ಪರ್ಫಾರ್ಮೆನ್ಸ್' ಪುಟಕ್ಕೆ ಹೋಗಿ. ಕಂಪ್ಯೂಟರ್ ನಿಮಗೆ ಸಿಟ್ಟು ಬರಿಸುವ ಹೊತ್ತಿನಲ್ಲೇ ಇದನ್ನು ನೋಡಬೇಕು. ಆನ್ ಮಾಡಿದ ಮೊದಲ ಐದು ನಿಮಿಷ, ಅಥವಾ ಬ್ರೌಸರ್ ತೆರೆದು ಕಾಯುತ್ತಿರುವಾಗ. ಎಲ್ಲ ತಣ್ಣಗಿರುವಾಗ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಎಡಗಡೆಯ 'ಡಿಸ್ಕ್ 0' ಮೇಲೆ ಕ್ಲಿಕ್ ಮಾಡಿ. ಅಲ್ಲೇ ಎಚ್‌ಡಿಡಿ (ತಿರುಗುವ ಹಾರ್ಡ್ ಡಿಸ್ಕ್) ಅಥವಾ ಎಸ್‌ಎಸ್‌ಡಿ (ಚಿಪ್ಪಿನಲ್ಲಿ ಮಾಹಿತಿ ಇಡುವ ಡಿಸ್ಕ್) ಅಂತ ಬರೆದಿರುತ್ತದೆ. ಎಚ್‌ಡಿಡಿ ಅಂತಿದ್ದು, 'ಆಕ್ಟಿವ್ ಟೈಮ್' 100%ಗೆ ಅಂಟಿಕೊಂಡಿದ್ದು, ಓದುವ ವೇಗ ಮಾತ್ರ ಸೆಕೆಂಡಿಗೆ ಒಂದೋ ಎರಡೋ ಎಂಬಿ ಇದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಡಿಸ್ಕ್ ಪೂರ್ತಿ ದುಡಿಯುತ್ತಿದೆ, ಆದರೆ ಕೈಗೆ ಬರುವ ಮಾಹಿತಿ ಚಿಟಿಕೆಯಷ್ಟು. ಅದು ಹೇಗೆ?

ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಜಾಗಕ್ಕೆ ಮುಳ್ಳು ಸರಿದು, ಡಿಸ್ಕ್ ತಿರುಗಿ ಆ ಜಾಗ ಮುಳ್ಳಿನ ಕೆಳಗೆ ಬರಬೇಕು. ಹೀಗೆ ಚೆಲ್ಲಾಪಿಲ್ಲಿಯಾಗಿರುವ ತುಣುಕುಗಳನ್ನು ಅದು ಸೆಕೆಂಡಿಗೆ ನೂರರ ಒಳಗೆ ಮಾತ್ರ ಹುಡುಕಿ ಕೊಡಬಲ್ಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದು ಸೆಕೆಂಡಿಗೆ ಸಾವಿರಾರು ತುಣುಕು ಕೊಡುತ್ತದೆ. ಹೊಸ ವಿಂಡೋಸಿನಲ್ಲಿ ಅಪ್‌ಡೇಟ್, ವೈರಸ್ ತಪಾಸಣೆ, ಹುಡುಕಾಟದ ಸೂಚಿ, ಒನ್‌ಡ್ರೈವ್, ಬ್ರೌಸರ್ ಎಲ್ಲವೂ ಒಂದೇ ಹೊತ್ತಿಗೆ ಡಿಸ್ಕನ್ನು ಕೇಳುತ್ತವೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಗುಮಾಸ್ತ ಇದ್ದು, ಹತ್ತು ಜನ ಹತ್ತು ಮೂಲೆಯ ಕಡತ ಕೇಳಿದರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ಈಗಿನ ವಿಂಡೋಸ್ ಬರೆಯುವವರ ಮೇಜಿನ ಮೇಲೆ ಎಚ್‌ಡಿಡಿ ಇರುವ ಯಂತ್ರವೇ ಇಲ್ಲವೇನೋ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಅದೇ ಪುಟದಲ್ಲಿ 'ಆವರೇಜ್ ರೆಸ್ಪಾನ್ಸ್ ಟೈಮ್' ಅಂತ ಇನ್ನೊಂದು ಅಂಕಿ ಇದೆ. ಹತ್ತಾರು ಮಿಲಿಸೆಕೆಂಡ್ ಇದ್ದರೆ ಎಚ್‌ಡಿಡಿಗೆ ಸಹಜ. ಪದೇ ಪದೇ ಸಾವಿರ ದಾಟುತ್ತಿದ್ದರೆ ಡಿಸ್ಕೇ ಹಾಳಾಗುತ್ತಿರಬಹುದು. ಆಗ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ನೀಲಿ ಬಣ್ಣದಲ್ಲಿ 'ಗುಡ್' ಅಂದರೆ ಸರಿ. ಹಳದಿಯಲ್ಲಿ 'ಕಾಷನ್' ಅಂತ ಬಂದರೆ ಮುಂದೆ ಓದುವುದನ್ನು ಬಿಟ್ಟು ಇವತ್ತೇ ಬ್ಯಾಕಪ್ ಮಾಡಿ.

ಇನ್ನು 'ಮೆಮೊರಿ'. ಬಳಕೆ 70% ಅಂತ ತೋರಿಸಿದ ಕೂಡಲೇ ಗಾಬರಿ ಬೇಡ. ನೋಡಬೇಕಾದ್ದು 'ಕಮಿಟೆಡ್' ಅಂಕಿ. ನಿಮ್ಮ ರ‍್ಯಾಮ್ 4 ಜಿಬಿ ಇದ್ದು ಕಮಿಟೆಡ್ 6 ಜಿಬಿ ಅಂತ ತೋರಿಸಿದರೆ, ಇರುವುದಕ್ಕಿಂತ ಜಾಸ್ತಿ ಜಾಗಕ್ಕೆ ವಿಂಡೋಸ್ ಮಾತು ಕೊಟ್ಟಿದೆ ಅಂತ ಅರ್ಥ. ಮಿಕ್ಕಿದ್ದನ್ನು ಅದು ಡಿಸ್ಕಿನ ಮೇಲೆ ಇಡಬೇಕಾಗುತ್ತದೆ. ಡಿಸ್ಕ್ ಎಚ್‌ಡಿಡಿಯಾದರೆ ಕಥೆ ಮುಗಿಯಿತು. ಇಲ್ಲೇ 'ಸ್ಲಾಟ್ಸ್ ಯೂಸ್ಡ್' ಅಂತಲೂ ಇರುತ್ತದೆ. 2ರಲ್ಲಿ 1 ಅಂತಿದ್ದರೆ ಇನ್ನೊಂದು ರ‍್ಯಾಮ್ ಹಾಕಲು ಜಾಗ ಉಂಟು. ಇದನ್ನು ಬರೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಬೇಕಾಗುತ್ತದೆ.

ಕೊನೆಗೆ 'ಸಿಪಿಯು'. ಇಲ್ಲಿ ನೋಡಬೇಕಾದ್ದು 'ಸ್ಪೀಡ್'. ಯಂತ್ರ ಕಷ್ಟಪಡುತ್ತಿರುವಾಗಲೂ ಅದು 0.78 ಗಿಗಾಹರ್ಟ್ಸ್ ಥರದ ಅಂಕಿಗೆ ಅಂಟಿಕೊಂಡಿದೆಯಾ? ಹಾಗಿದ್ದರೆ ತಪ್ಪು ವಿಂಡೋಸಿನದಲ್ಲ. ಒಂದೋ ಫ್ಯಾನಿನಲ್ಲಿ ಧೂಳು ತುಂಬಿ ಬಿಸಿಯಾಗುತ್ತಿದೆ, ಇಲ್ಲವೇ ಚಾರ್ಜರ್ ತೊಂದರೆ. ಕೆಲವು ಲ್ಯಾಪ್‌ಟಾಪುಗಳು ಡೂಪ್ಲಿಕೇಟ್ ಚಾರ್ಜರನ್ನು ಗುರುತಿಸದಿದ್ದರೆ ಪ್ರೊಸೆಸರಿನ ವೇಗವನ್ನು ತಾವೇ ಇಳಿಸಿಬಿಡುತ್ತವೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ ನೋಡಿ. ವೇಗ ಹೆಚ್ಚಿದರೆ ಉತ್ತರ ಸಿಕ್ಕಿತು. ವಿಂಡೋಸ್ ಮರುಸ್ಥಾಪನೆಗೆ ಅಂತ ದುಡ್ಡು ಕೊಟ್ಟು, ನಿಜವಾಗಿ ಬೇಕಿದ್ದದ್ದು ಒಂದು ಸರಿಯಾದ ಚಾರ್ಜರ್ ಆಗಿದ್ದ ಉದಾಹರಣೆಗಳು ಬೇಕಾದಷ್ಟಿವೆ.

ಕಾಸಿಲ್ಲದೆ ಆಗುವ ಕೆಲಸ

ಮೊದಲು ರೀಸ್ಟಾರ್ಟ್ ಮಾಡಿ. ದಿನಾ ಶಟ್ ಡೌನ್ ಮಾಡುತ್ತೇನಲ್ಲ ಅನ್ನಬೇಡಿ. ಅದೇ ಸಿಪಿಯು ಪುಟದಲ್ಲಿ 'ಅಪ್ ಟೈಮ್' ನೋಡಿ. ನಿನ್ನೆ ರಾತ್ರಿ ಶಟ್ ಡೌನ್ ಮಾಡಿದ್ದರೂ ಅಲ್ಲಿ ಇಪ್ಪತ್ತು ದಿನ ಅಂತ ತೋರಿಸುತ್ತಿರಬಹುದು. 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡು ಇದಕ್ಕೆ ಕಾರಣ. ಬೇಗ ಆನ್ ಆಗಲಿ ಅಂತ ವಿಂಡೋಸ್ ತನ್ನ ಒಳಭಾಗವನ್ನು ಪೂರ್ತಿ ಮುಚ್ಚದೆ ಡಿಸ್ಕಿನಲ್ಲಿ ಮಲಗಿಸಿಡುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು.

ಅಪರೂಪಕ್ಕೆ ಬಳಸುವ ಕಂಪ್ಯೂಟರಿಗೆ ಇನ್ನೊಂದು ಗೋಳು. ಭಾನುವಾರ ಮಾತ್ರ ಆನ್ ಮಾಡುತ್ತೀರಿ ಅಂತಿಟ್ಟುಕೊಳ್ಳಿ. ವಾರವಿಡೀ ಬಾಕಿ ಉಳಿದ ಅಪ್‌ಡೇಟು, ವೈರಸ್ ತಪಾಸಣೆ ಎಲ್ಲ ನೀವು ಕೂತ ಕ್ಷಣವೇ ಮುಗಿಬೀಳುತ್ತವೆ. ಬಳಸದೆ ಇಟ್ಟ ಯಂತ್ರವೇ ಹೆಚ್ಚು ತೆವಳುವುದು ಇದಕ್ಕೇ. ಚಾರ್ಜರ್ ಹಾಕಿ, ಇಂಟರ್ನೆಟ್ ಕೊಟ್ಟು, ಒಂದೆರಡು ಗಂಟೆ ಅದರ ಪಾಡಿಗೆ ಬಿಡಿ. ಆಮೇಲೆ ಕೂತುಕೊಳ್ಳಿ.

ಟಾಸ್ಕ್ ಮ್ಯಾನೇಜರಿನಲ್ಲೇ 'ಸ್ಟಾರ್ಟಪ್' ಪುಟ ಇದೆ. ಆನ್ ಮಾಡಿದಾಗ ತಾವಾಗಿಯೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಅದು. ಟೀಮ್ಸ್, ಸ್ಪಾಟಿಫೈ, ಟೊರೆಂಟ್, ಎಂದೋ ಮಾರಿದ ಪ್ರಿಂಟರಿನ ಸ್ಟೇಟಸ್ ಮಾನಿಟರ್, ಮೊಬೈಲ್ ಕಂಪನಿಯ ಜೋಡಣೆ ತಂತ್ರಾಂಶ, ಎಲ್ಲ ಅಲ್ಲಿರುತ್ತವೆ. ಬೇಡದ್ದರ ಮೇಲೆ ಬಲ ಕ್ಲಿಕ್ ಮಾಡಿ 'ಡಿಸೇಬಲ್' ಕೊಡಿ. ಇದರಿಂದ ತಂತ್ರಾಂಶ ಅಳಿಸಿಹೋಗುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ, ಅಷ್ಟೇ. ಟಚ್‌ಪ್ಯಾಡ್, ಆಡಿಯೋ, ವಿಂಡೋಸ್ ಸೆಕ್ಯೂರಿಟಿ ಇವುಗಳನ್ನು ಮುಟ್ಟಬೇಡಿ. ಕನ್ನಡ ಟೈಪಿಂಗ್ ತಂತ್ರಾಂಶ ತಾನಾಗಿ ಶುರುವಾಗುವಂತೆ ಇಟ್ಟುಕೊಂಡಿದ್ದರೆ ಅದೂ ಇರಲಿ. ಅಂದಹಾಗೆ, 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಲಿಮಣೆ ಸೇರಿದೆ. ಬರೀ ಯೂನಿಕೋಡ್ ಕನ್ನಡ ಟೈಪ್ ಮಾಡುವವರಿಗೆ ಪ್ರತ್ಯೇಕ ತಂತ್ರಾಂಶದ ಹಂಗೇ ಇಲ್ಲ.

ಲ್ಯಾಪ್‌ಟಾಪ್ ಕೊಂಡಾಗ ಪುಕ್ಕಟೆ ಬಂದ ಆಂಟಿವೈರಸ್ಸಿನ ಅವಧಿ ಮುಗಿದಿದ್ದರೆ ಅದನ್ನು ಅಳಿಸಿ. ಅವಧಿ ಮುಗಿದ ಕಾವಲುಗಾರನಿಂದ ರಕ್ಷಣೆಯೂ ಇಲ್ಲ, ಕಿರಿಕಿರಿ ಬೇರೆ. ಅದನ್ನು ತೆಗೆದ ಮೇಲೆ ವಿಂಡೋಸಿನ ಸ್ವಂತ ಡಿಫೆಂಡರ್ ಎಚ್ಚರವಾಗುತ್ತದೆ. ಮನೆ ಬಳಕೆಗೆ ಅದು ಸಾಕು.

ಬ್ರೌಸರಿನ ವಿಷಯ ಹೇಳದೆ ಇರಲಾಗದು, ಏಕೆಂದರೆ ಎಷ್ಟೋ ಸಲ ನಾವು ವಿಂಡೋಸಿಗೆ ಬೈಯುವುದು ಅದರ ಪಾಲಿನ ಬೈಗುಳ. 4 ಜಿಬಿ ರ‍್ಯಾಮಿನಲ್ಲಿ ವಿಂಡೋಸ್ ಎದ್ದು ಕೂರುವಷ್ಟರಲ್ಲೇ ಅರ್ಧಕ್ಕಿಂತ ಹೆಚ್ಚು ಖರ್ಚು. ಉಳಿದದ್ದರಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಏನು ತಾನೇ ಮಾಡೀತು? ಕ್ರೋಮಿನ ಸೆಟ್ಟಿಂಗ್ಸಿನಲ್ಲಿ 'ಪರ್ಫಾರ್ಮೆನ್ಸ್' ಕೆಳಗೆ 'ಮೆಮೊರಿ ಸೇವರ್' ಆನ್ ಮಾಡಿ. ಎಡ್ಜ್ ಆದರೆ 'ಸ್ಲೀಪಿಂಗ್ ಟ್ಯಾಬ್ಸ್'. ಬಳಸದ ಎಕ್ಸ್‌ಟೆನ್ಷನ್‌ಗಳನ್ನು ಕಿತ್ತುಹಾಕಿ.

ಕಣ್ಣಿಗೆ ಕಟ್ಟುವ ಅಲಂಕಾರ ಕಡಿಮೆ ಮಾಡಿದರೂ ಸ್ವಲ್ಪ ಹಗುರ. ಸ್ಟಾರ್ಟ್ ಮೆನುವಿನಲ್ಲಿ 'ಅಡ್ಜಸ್ಟ್ ದ ಅಪಿಯರೆನ್ಸ್' ಅಂತ ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ. 'ಬೆಸ್ಟ್ ಪರ್ಫಾರ್ಮೆನ್ಸ್' ಆರಿಸಿದರೆ ಎಲ್ಲ ಗುರುತುಗಳೂ ಹೋಗುತ್ತವೆ. ಆಮೇಲೆ ಒಂದನ್ನು ಮಾತ್ರ ವಾಪಸ್ ಹಾಕಿ: 'ಸ್ಮೂತ್ ಎಡ್ಜಸ್ ಆಫ್ ಸ್ಕ್ರೀನ್ ಫಾಂಟ್ಸ್'. ಇಂಗ್ಲಿಷ್ ಅಕ್ಷರಕ್ಕೆ ಇದು ಇಲ್ಲದಿದ್ದರೂ ಹೇಗೋ ನಡೆದೀತು. ಕನ್ನಡದ ಒತ್ತಕ್ಷರಗಳು ಮಾತ್ರ ಹಲ್ಲುಹಲ್ಲಾಗಿ, 'ಕ್ಷ'ದ ಒಳಗಿನ ಸುಳಿಗಳು ಕಲೆಸಿ ಕಪ್ಪು ಚುಕ್ಕೆಯಾಗುತ್ತವೆ. ವಿಂಡೋಸ್ 11 ಇದ್ದರೆ ಟಾಸ್ಕ್‌ಬಾರ್ ಸೆಟ್ಟಿಂಗ್ಸಿನಲ್ಲಿ 'ವಿಜೆಟ್ಸ್' ಕೂಡ ಆಫ್ ಮಾಡಿ. ಹವಾಮಾನ ತಿಳಿಯಲು ಕಿಟಕಿ ಇದೆ.

ಸಿ ಡ್ರೈವಿನಲ್ಲಿ ಐದನೇ ಒಂದು ಭಾಗವಾದರೂ ಖಾಲಿ ಇರಲಿ. ಸೆಟ್ಟಿಂಗ್ಸ್, ಸಿಸ್ಟಂ, ಸ್ಟೋರೇಜ್, 'ಟೆಂಪರರಿ ಫೈಲ್ಸ್' ಅಂತ ಹೋದರೆ ಬೇಡದ್ದು ಕಾಣುತ್ತದೆ. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ, ಟಿಕ್ ಹಾಕುವ ಮೊದಲು ಒಮ್ಮೆ ನೋಡಿ. ಸುಮ್ನೆ ಎಲ್ಲಕ್ಕೂ ಟಿಕ್ ಒತ್ತಿ ಆಧಾರ್ ಪಿಡಿಎಫ್ ಹುಡುಕುತ್ತ ಕೂರುವ ಹಾಗಾಗಬಾರದು.

ಇವುಗಳ ಹತ್ತಿರ ಹೋಗಬೇಡಿ

ರ‍್ಯಾಮ್ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಒಂದೇ ಕ್ಲಿಕ್ಕಿಗೆ ವೇಗ ಅನ್ನುವ ತಂತ್ರಾಂಶಗಳು. ಇವು ಮಾಡುವುದು ಇನ್ನೊಂದು ಸ್ಟಾರ್ಟಪ್ ತಂತ್ರಾಂಶವಾಗಿ ಕೂರುವುದನ್ನು ಮಾತ್ರ.

ಅದಕ್ಕಿಂತ ಅಪಾಯದ್ದು 'ಲೈಟ್' ವಿಂಡೋಸ್ ಅಂತ ಯಾರೋ ಕತ್ತರಿಸಿ ಹಂಚುವ ಪ್ರತಿಗಳು, ಜೊತೆಗೆ ಬರುವ ಆ್ಯಕ್ಟಿವೇಟರುಗಳು. ಡಿಫೆಂಡರ್ ಆಫ್ ಮಾಡಿದರೆ ಮಾತ್ರ ಓಡುತ್ತೇನೆ ಅನ್ನುವ ಯಾವುದನ್ನಾದರೂ ಹಾಕಿ, ಅದೇ ಯಂತ್ರದಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವುದೆಂದರೆ ಬೀರುವಿನ ಕೀಲಿಯನ್ನು ಕೈಯಾರೆ ಕೊಟ್ಟಂತೆ. ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸುವ ಸಲಹೆಯೂ ಬೇಡ. ಕೆಲಸದ ಹೊತ್ತಿನಲ್ಲಿ ಕಾಟ ಕೊಡದಂತೆ 'ಆ್ಯಕ್ಟಿವ್ ಅವರ್ಸ್' ಹೊಂದಿಸಿದರೆ ಸಾಕು.

ದುಡ್ಡು ಹಾಕುವುದಾದರೆ ಎಲ್ಲಿ?

ಎಚ್‌ಡಿಡಿ ಇದ್ದರೆ ಮೊದಲ ರೂಪಾಯಿ ಎಸ್‌ಎಸ್‌ಡಿಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. 4 ಜಿಬಿ ರ‍್ಯಾಮಿನ ಯಂತ್ರಕ್ಕೂ ಮೊದಲು ಎಸ್‌ಎಸ್‌ಡಿಯೇ. ರ‍್ಯಾಮ್ ತುಂಬಿ ಡಿಸ್ಕಿಗೆ ಇಳಿಸುವ ಪರಿಸ್ಥಿತಿ ಬಂದರೂ, ಆ ಡಿಸ್ಕ್ ವೇಗವಾಗಿದ್ದರೆ ಪೆಟ್ಟು ಅಷ್ಟು ಗೊತ್ತಾಗುವುದಿಲ್ಲ.

2012ರಿಂದ 2018ರ ನಡುವಿನ ಬಹುಪಾಲು ಲ್ಯಾಪ್‌ಟಾಪುಗಳಿಗೆ ಹೊಂದುವುದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಹಳೆಯ ಹಾರ್ಡ್ ಡಿಸ್ಕ್ ಇದ್ದ ಜಾಗದಲ್ಲೇ ಕೂರುತ್ತದೆ, ಅವೇ ಸ್ಕ್ರೂ. ಇದರ ವೇಗ ಸೆಕೆಂಡಿಗೆ 500 ಎಂಬಿಯ ಆಸುಪಾಸು. ಅದಕ್ಕಿಂತ ವೇಗದ ಎಂ.2 ಎನ್‌ವಿಎಂಇ, ಅಂದರೆ ಪಟ್ಟಿಯಾಕಾರದ ಎಸ್‌ಎಸ್‌ಡಿ ಬೇಕೆಂದರೆ ಮದರ್‌ಬೋರ್ಡಿನಲ್ಲಿ ಅದರ ಕಿಂಡಿ ಇರಬೇಕು. ಕೆಲವು ಎಂ.2 ಕಿಂಡಿಗಳು ಸಾಟಾ ಮಾತ್ರ ಒಪ್ಪುತ್ತವೆ, ಎನ್‌ವಿಎಂಇ ಹಾಕಿದರೆ ಗುರುತೇ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾಡೆಲ್ ನಂಬರಿನ ಕೈಪಿಡಿ ನೋಡಿ. ಎಚ್‌ಡಿಡಿಯಿಂದ ಬರುವವರಿಗೆ ಸಾಟಾ ಸಾಕೋ ಸಾಕು.

ಗಾತ್ರ 256 ಜಿಬಿ ಇದ್ದರೆ ನಡೆಯುತ್ತದೆ, 500 ಇದ್ದರೆ ನೆಮ್ಮದಿ. ಬೆಂಗಳೂರಿನವರು ಎಸ್‌ಪಿ ರೋಡಿಗೆ ಹೋಗಿ ನಾಲ್ಕು ಅಂಗಡಿ ವಿಚಾರಿಸಿದರೆ ದರದ ಅಂದಾಜು ಸಿಗುತ್ತದೆ. ಎಲ್ಲೇ ಕೊಂಡರೂ ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ, ಕಂಪನಿಯ ವಾರಂಟಿ ಇರುವುದನ್ನೇ ತೆಗೆದುಕೊಳ್ಳಿ. ಹೆಸರೇ ಕೇಳಿರದ ಬ್ರ್ಯಾಂಡಿನ 2 ಟಿಬಿ ಎಸ್‌ಎಸ್‌ಡಿ ಪುಡಿಗಾಸಿಗೆ ಸಿಗುತ್ತದೆ ಅಂದರೆ ಒಳಗೆ ಅಷ್ಟು ಜಾಗ ಇರುವುದಿಲ್ಲ.

ಹಳೆಯದನ್ನೇ ಹೊಸ ಡಿಸ್ಕಿಗೆ ನಕಲು ಮಾಡಬಹುದು, ಕ್ಲೋನಿಂಗ್ ಅನ್ನುತ್ತಾರೆ. ನನ್ನ ಸಲಹೆ ಹೊಸದಾಗಿ ವಿಂಡೋಸ್ ಹಾಕುವುದು. ಐದಾರು ವರ್ಷದ ಕಸವನ್ನೂ ಹೊಸ ಮನೆಗೆ ಹೊತ್ತು ತರುವುದೇಕೆ? ಕ್ರಮ ಹೀಗೆ:

1. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ. ಮೈಕ್ರೋಸಾಫ್ಟಿನ ಜಾಲತಾಣದಿಂದಲೇ 'ಮೀಡಿಯಾ ಕ್ರಿಯೇಷನ್ ಟೂಲ್' ಇಳಿಸಿಕೊಂಡು ಅದರಲ್ಲಿ ವಿಂಡೋಸ್ ತುಂಬಿಸಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ.

2. ವೈಫೈ ಡ್ರೈವರನ್ನು (ವೈಫೈ ಭಾಗವನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ) ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಇಂಟರ್ನೆಟ್ ಇಲ್ಲದೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದೆ ಇಂಟರ್ನೆಟ್ ಇಲ್ಲ ಅಂತ ಕೂರಬೇಕಾಗುತ್ತದೆ.

3. ಸೆಟ್ಟಿಂಗ್ಸಿನ 'ಆ್ಯಕ್ಟಿವೇಷನ್' ಪುಟದಲ್ಲಿ 'ಡಿಜಿಟಲ್ ಲೈಸೆನ್ಸ್' ಅಂತ ಇದೆಯಾ ನೋಡಿ. ಇದ್ದರೆ ಅದು ಮದರ್‌ಬೋರ್ಡಿಗೆ ಅಂಟಿದ ಪರವಾನಗಿ, ಡಿಸ್ಕ್ ಬದಲಿಸಿದರೂ ಹೋಗುವುದಿಲ್ಲ. ಕೀ ಕೇಳಿದಾಗ 'ನನ್ನ ಬಳಿ ಇಲ್ಲ' ಅನ್ನಿ, ಮೊದಲಿದ್ದ ಆವೃತ್ತಿಯನ್ನೇ ಆರಿಸಿ. ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ. ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

4. ಹಳೆಯ ಡಿಸ್ಕ್ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಬೀಗದ ಅಡಿಯಲ್ಲಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇದನ್ನು ಮರೆತರೆ ಆ ಡಿಸ್ಕಿನ ಫೋಟೊ ಯಾರ ಕೈಗೂ ಸಿಗುವುದಿಲ್ಲ, ನಿಮ್ಮ ಕೈಗೂ.

5. ಪವರ್ ತೆಗೆದು, ಬ್ಯಾಟರಿ ಬಿಚ್ಚಿ, ಡಿಸ್ಕ್ ಬದಲಿಸಿ, ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಅಂದರೆ ಅದರಿಂದಲೇ ಯಂತ್ರ ಶುರು ಮಾಡಿ. ಕಂಪನಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಕೀ ಒತ್ತಬೇಕಾಗುತ್ತದೆ.

ತೆಗೆದ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿದರೆ ಅದೇ ಬ್ಯಾಕಪ್ ಡಿಸ್ಕ್. ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪಿನಲ್ಲಿ ಆ ಡ್ರೈವ್ ತೆಗೆದು, ಅದರ ಜಾಗಕ್ಕೆ ಹೊಂದುವ ಕ್ಯಾಡಿ ಎಂಬ ಚೌಕಟ್ಟಿನಲ್ಲೂ ಹಾರ್ಡ್ ಡಿಸ್ಕನ್ನು ಕೂರಿಸಬಹುದು. ಕ್ಯಾಡಿ 9.5 ಎಂಎಂ ಮತ್ತು 12.7 ಎಂಎಂ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತನ್ನಿ. ಎಸ್‌ಎಸ್‌ಡಿ ಮಾತ್ರ ಒಳಗಿನ ಮೂಲ ಜಾಗದಲ್ಲೇ ಇರಲಿ.

ರ‍್ಯಾಮ್ ಎರಡನೆಯದು. 8 ಜಿಬಿ ಮಾಡಿದರೆ ಮನೆಯ ಕೆಲಸಕ್ಕೆ ಧಾರಾಳ. ಡಿಡಿಆರ್3, ಡಿಡಿಆರ್4 ಒಂದಕ್ಕೊಂದು ಹೊಂದುವುದಿಲ್ಲ, ಕಚ್ಚಿನ ಜಾಗವೇ ಬೇರೆ. ಡಿಡಿಆರ್3ರಲ್ಲೂ 1.5 ವೋಲ್ಟಿನದು ಮತ್ತು 1.35 ವೋಲ್ಟಿನ ಡಿಡಿಆರ್3ಎಲ್ ಅಂತ ಎರಡಿವೆ. ಹಳೆಯ ಪಟ್ಟಿಯನ್ನೇ ಬಿಚ್ಚಿ ಅಂಗಡಿಗೆ ಒಯ್ದು ತೋರಿಸುವುದು ಸುಲಭ. ಕೊಳ್ಳುವ ಮೊದಲು ಸೆಟ್ಟಿಂಗ್ಸಿನ 'ಅಬೌಟ್' ಪುಟದಲ್ಲಿ 'ಸಿಸ್ಟಂ ಟೈಪ್' ನೋಡಿ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಗಿಂತ ಜಾಸ್ತಿ ರ‍್ಯಾಮ್ ಹಾಕಿದರೂ ಅದು ಬಳಸುವುದಿಲ್ಲ. ಮೊದಲು 64 ಬಿಟ್ ಹಾಕಬೇಕು.

2 ಜಿಬಿ ರ‍್ಯಾಮ್, 32 ಜಿಬಿ ಇಎಂಎಂಸಿ (ಡಿಸ್ಕಿನ ಬದಲಿಗೆ ಇರುವ ಚಿಪ್) ಇರುವ ತೆಳ್ಳನೆಯ ಅಗ್ಗದ ಲ್ಯಾಪ್‌ಟಾಪ್ ನಿಮ್ಮದಾದರೆ, ಎರಡೂ ಬೋರ್ಡಿಗೆ ಬೆಸೆದಿರುತ್ತವೆ. ಅದಕ್ಕೆ ದುಡ್ಡು ಹಾಕಲು ಹೋಗಬೇಡಿ.

10ರಲ್ಲೇ ಇರಬೇಕಾ, 11ಕ್ಕೆ ಹೋಗಬೇಕಾ?

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಸುರಕ್ಷಾ ಏರ್ಪಾಡು), ಸೆಕ್ಯೂರ್ ಬೂಟ್ (ಯಂತ್ರ ಶುರುವಾಗುವಾಗಿನ ಸುರಕ್ಷಾ ತಪಾಸಣೆ), ಜೊತೆಗೆ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಆದರೆ ಸ್ಥೂಲವಾಗಿ 8ನೇ ತಲೆಮಾರಿನಿಂದ. ಐ5-8250ಯು ಅಂದರೆ 8ನೇ ತಲೆಮಾರು, ಹೋಗಬಹುದು. ಐ5-7200ಯು 7ನೆಯದು, ಬಾಗಿಲು ಹಾಕಿದೆ. ಕೆಲಸ ಮಾಡುವ ಶಕ್ತಿಯಲ್ಲಿ ಯಾವ ಕೊರತೆಯೂ ಇಲ್ಲದ ಎಷ್ಟೋ ಯಂತ್ರಗಳು ಈ ಗೆರೆಯ ಆಚೆ ಉಳಿದುಬಿಟ್ಟವು. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ನಿರ್ಧಾರ.

'ಪಿಸಿ ಹೆಲ್ತ್ ಚೆಕ್' ಎಂಬ ಮೈಕ್ರೋಸಾಫ್ಟಿನ ಉಚಿತ ತಂತ್ರಾಂಶ ನಿಮ್ಮ ಯಂತ್ರದ ತೀರ್ಪು ಹೇಳುತ್ತದೆ. ಟಿಪಿಎಂ ಇಲ್ಲ ಅಂದರೆ ಕೂಡಲೇ ಕೈಬಿಡಬೇಡಿ. ಬಯಾಸಿನಲ್ಲಿ, ಅಂದರೆ ವಿಂಡೋಸಿಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪುಟದಲ್ಲಿ ಅದು ಆಫ್ ಆಗಿರಬಹುದು. ಇಂಟೆಲ್ ಯಂತ್ರಗಳಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಲ್ಲಿ ಇರುತ್ತದೆ.

ಅರ್ಹತೆ ಇದ್ದು, ಎಸ್‌ಎಸ್‌ಡಿ ಮತ್ತು 8 ಜಿಬಿ ಇದ್ದರೆ 11ಕ್ಕೆ ಹೋಗಿ. ಎಚ್‌ಡಿಡಿ ಇಟ್ಟುಕೊಂಡು ಮಾತ್ರ ಹೋಗಬೇಡಿ. ಅರ್ಹತೆ ಇಲ್ಲದಿದ್ದರೆ ವಿಂಡೋಸ್ 10ಕ್ಕೇ ಹೆಚ್ಚುವರಿ ಸುರಕ್ಷಾ ಅಪ್‌ಡೇಟ್ ಯೋಜನೆ ಇದೆ, 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 'ಎನ್‌ರೋಲ್ ನೌ' ಎಂಬ ಕೊಂಡಿ ಕಾಣುತ್ತದೆ. 30 ಡಾಲರ್ ಕೊಡಬಹುದು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸನ್ನು ಬ್ಯಾಕಪ್ ಮಾಡಲು ಒಪ್ಪಿದರೆ ಕಾಸಿಲ್ಲದೆಯೇ ಸೇರಬಹುದು. ತಪಾಸಣೆ ತಪ್ಪಿಸಿ 11 ಹಾಕುವ ದಾರಿಗಳೂ ಇವೆ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟಿನ ಖಾತ್ರಿ ಇಲ್ಲ ಅಂತ ಮೈಕ್ರೋಸಾಫ್ಟೇ ಹೇಳಿದೆ. ಅಪ್ಪ ಅಮ್ಮ ಬಳಸುವ ಕಂಪ್ಯೂಟರಿಗೆ ಈ ಕಸರತ್ತು ಬೇಡ.

ಲಿನಕ್ಸ್ ಯಾರಿಗೆ ಒಗ್ಗುತ್ತದೆ?

ಲಿನಕ್ಸ್ ಅಂದರೆ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ. ಬ್ರೌಸರ್, ಇಮೇಲ್, ವೀಡಿಯೊ, ಸ್ವಲ್ಪ ಟೈಪಿಂಗ್ ಇಷ್ಟೇ ನಿಮ್ಮ ಕೆಲಸವಾದರೆ ಧೈರ್ಯವಾಗಿ ಹೋಗಬಹುದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸಿನಲ್ಲೇ ಕಲಿಯುತ್ತಿದ್ದಾರೆ. ಹಳೆಯ ಯಂತ್ರಕ್ಕೆ ನಾನು ಹೇಳುವುದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಇದ್ದರೆ ಆರಾಮ. ನೋಟವೂ ಹಳೆಯ ವಿಂಡೋಸ್ 7ರ ಥರ, ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು.

ಯಾರು ಹೋಗಬಾರದು? ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು. ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಟೆಂಡರ್, ರಿಟರ್ನ್ ಸಲ್ಲಿಸುವವರು. ಪೇಜ್‌ಮೇಕರಿನಲ್ಲಿ ನುಡಿ ಫಾಂಟ್ ಬಳಸಿ ಆಮಂತ್ರಣ ಪತ್ರ, ಕರಪತ್ರ ಮಾಡುವ ಡಿಟಿಪಿಯವರು. ಇನ್ನೊಂದು, ಪ್ರಿಂಟರ್. ನಮ್ಮಲ್ಲಿ ಅಂಗಡಿ, ಕಚೇರಿಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನ ಜೊತೆ ಸುಲಭಕ್ಕೆ ಹೊಂದುವುದಿಲ್ಲ. ಅದು ಕ್ಯಾನನ್ನಿನದೇ ಆದ ಕ್ಯಾಪ್ಟ್ ಎಂಬ ಭಾಷೆಯಲ್ಲಿ ಮಾತಾಡುತ್ತದೆ. ಅದಿರುವವರು ಎರಡು ಸಲ ಯೋಚಿಸಿ.

ಅಳಿಸದೆ ನೋಡುವ ಅವಕಾಶ ಇರುವುದೇ ಲಿನಕ್ಸಿನ ದೊಡ್ಡ ಉಪಕಾರ. ಮಿಂಟ್‌ನ ಐಎಸ್‌ಒ ಫೈಲ್ (ಇಡೀ ವ್ಯವಸ್ಥೆ ಇರುವ ಒಂದೇ ಕಡತ) ಇಳಿಸಿ, ರೂಫಸ್ ಅಥವಾ ಎಚರ್ ತಂತ್ರಾಂಶ ಬಳಸಿ ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿ. ಡಿಸ್ಕನ್ನು ಮುಟ್ಟದೆ ಪೂರ್ತಿ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಪೆನ್‌ಡ್ರೈವಿನಿಂದ ಓಡುವಾಗ ಸ್ವಲ್ಪ ನಿಧಾನವೇ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವೈಫೈ ಸಿಗುತ್ತದಾ, ಸದ್ದು ಬರುತ್ತದಾ, ಪರದೆಯ ಬೆಳಕು ಹೆಚ್ಚುಕಮ್ಮಿ ಆಗುತ್ತದಾ, ಮುಚ್ಚಳ ಹಾಕಿ ತೆರೆದರೆ ಏಳುತ್ತದಾ, ನಿಮ್ಮ ಪ್ರಿಂಟರ್ ಒಂದು ಹಾಳೆ ಹೊಡೆಯುತ್ತದಾ, ಇವಿಷ್ಟನ್ನು ನೋಡಿ. ಎಲ್ಲ ಸರಿ ಅನಿಸಿದರೆ ಮಾತ್ರ 'ಇನ್‌ಸ್ಟಾಲ್'. ಅಲ್ಲಿ 'ಇರೇಸ್ ಡಿಸ್ಕ್' ಅಂದರೆ ನಿಜಕ್ಕೂ ಎಲ್ಲವೂ ಹೋಗುತ್ತದೆ. ವಿಂಡೋಸ್ ಪಕ್ಕದಲ್ಲೇ ಹಾಕುವ ಆಯ್ಕೆಯೂ ಇದೆ. ಹಿಂಜರಿಕೆ ಇರುವವರಿಗೆ ಅದೇ ವಾಸಿ.

ಕನ್ನಡ ಟೈಪಿಂಗಿಗೆ 'ಐಬಸ್-ಎಂ17ಎನ್' ಎಂಬ ತಂತ್ರಾಂಶ ಹಾಕಿಕೊಳ್ಳಿ. ಅದರಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಇದೆ, ಅಂದರೆ ನುಡಿಯಲ್ಲಿ ಬೆರಳು ಪಳಗಿದವರಿಗೆ ಅದೇ ಕೀಲಿಮಣೆ. ಗುಬ್ಬಿ, ನವಿಲು ಫಾಂಟುಗಳು ಸಾಫ್ಟ್‌ವೇರ್ ಮ್ಯಾನೇಜರಿನಲ್ಲೇ ಸಿಗುತ್ತವೆ. ವಿಂಡೋಸಿನ ತುಂಗಾ ಫಾಂಟಿನಲ್ಲಿ ಮಾಡಿದ ವರ್ಡ್ ಕಡತವನ್ನು ಲಿಬ್ರೆ ಆಫೀಸಿನಲ್ಲಿ ತೆರೆದರೆ ಅಕ್ಷರ ಓದಬಹುದು, ಸಾಲು ಮಾತ್ರ ಅತ್ತಿತ್ತ ಸರಿಯುತ್ತದೆ. ತುಂಗಾ ಅಲ್ಲಿರುವುದಿಲ್ಲ, ಬೇರೆ ಫಾಂಟ್ ಅದರ ಜಾಗಕ್ಕೆ ಬರುತ್ತದೆ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಡಿಟಿಪಿಯವರಿಗೆ ಒಂದು ಮಾತು. ಪೇಜ್‌ಮೇಕರ್ ಓಡುತ್ತಿರುವ ಹಳೆಯ ವಿಂಡೋಸ್ ಯಂತ್ರ ನಿಮ್ಮ ಅನ್ನ. ಅದನ್ನು ಹೊಸದಕ್ಕೆ ಏರಿಸಲೇಬೇಡಿ, ಹಾಗೇ ಇಂಟರ್ನೆಟ್ಟಿಗೂ ಜೋಡಿಸಬೇಡಿ. ಲ್ಯಾನ್ ವೈರ್ ಕಿತ್ತು, ವೈಫೈ ಆಫ್ ಮಾಡಿ ಬರೀ ಪುಟವಿನ್ಯಾಸಕ್ಕೆ ಇಟ್ಟುಕೊಳ್ಳಿ. ಇಮೇಲು, ವಾಟ್ಸ್ಆ್ಯಪ್ ಎಲ್ಲ ಇನ್ನೊಂದು ಯಂತ್ರದಲ್ಲಿ. ಗಿರಾಕಿ ತಂದ ಪೆನ್‌ಡ್ರೈವನ್ನು ಮೊದಲು ಆ ಇನ್ನೊಂದರಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ಇಲ್ಲಿಗೆ. ಬ್ಯಾಕಪ್ ಮಾಡುವಾಗ ಪೇಜ್‌ಮೇಕರ್ ಫೈಲುಗಳ ಜೊತೆ ಫಾಂಟ್ ಫೈಲುಗಳನ್ನೂ ನಕಲು ಮಾಡಿ. ಆಸ್ಕಿ ಕನ್ನಡದ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೆಯ ಬಗೆಯ ಕಡತವನ್ನು ಅದರ ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಬಿಟ್ಟರೆ ಬೇರೇನೂ ಕಾಣುವುದಿಲ್ಲ.